ಹಲವು ಊರು, ಒಂದೇ ಕೆಲಸ

ಬೆಂಗಳೂರಿನಿಂದ ವಾಯವ್ಯಕ್ಕೆ ಸುಮಾರು 70 ಕಿಲೋಮೀಟರು ದೂರದಲ್ಲಿರುವ ತುಮಕೂರು, ಮುಂಜಾನೆಯ ರೈಲಿಗೂ ಬಸ್ಸಿಗೂ ತನ್ನ ವಿದ್ಯಾವಂತ ತರುಣರನ್ನು ಹತ್ತಿಸಿ ಕಳುಹಿಸಿ, ಇರುಳು ಕವಿದ ಮೇಲೆ ಅವರನ್ನು ಮರಳಿ ಬರಮಾಡಿಕೊಳ್ಳುವುದನ್ನು ಬಹುಕಾಲದಿಂದ ರೂಢಿ ಮಾಡಿಕೊಂಡಿರುವ ಊರು. ಅದರ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ದೂರದ ಗುಬ್ಬಿಯಾಗಲಿ, ದಕ್ಷಿಣದಲ್ಲಿ ಮಂಗಳೂರಿನ ಹೆದ್ದಾರಿಯ ಮೇಲಿರುವ ಕುಣಿಗಲ್ಲಾಗಲಿ ಈ ವಿಷಯದಲ್ಲಿ ಭಿನ್ನವಲ್ಲ. ಓದು ಊರಿನಲ್ಲಿ, ಉದ್ಯೋಗ ಬೆಂಗಳೂರಿನಲ್ಲಿ ಎಂಬುದು ಅಲ್ಲಿಯ ಮನೆಮನೆಯ ಲೆಕ್ಕಾಚಾರವಾಗಿತ್ತು. ಕೋವಿಡ್ ಮಹಾಮಾರಿಯಿಂದಾಗಿ 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಾಗ ಈ ಪ್ರವಾಹವು ಹಿಮ್ಮುಖವಾಯಿತು. ಬೆಂಗಳೂರಿನ ಬಾಡಿಗೆ ಕೋಣೆಗಳನ್ನು ತೊರೆದು, ಕಂಪನಿಯ ಲ್ಯಾಪ್‌ಟಾಪನ್ನು ಹೆಗಲ ಚೀಲದಲ್ಲಿಟ್ಟುಕೊಂಡು, ತುಮಕೂರಿನ ಎಸ್‌ಐಟಿ ಬಡಾವಣೆಯ ಮಹಡಿ ಮನೆಗಳಿಗೂ ಗುಬ್ಬಿಯ ಸುತ್ತಣ ತೋಟದ ಮನೆಗಳಿಗೂ ಕುಣಿಗಲ್ಲಿನ ಕೆರೆಯ ಆಚೀಚೆಯ ಬೀದಿಗಳಿಗೂ ಹಿಂದಿರುಗಿದ ಎಂಜಿನಿಯರುಗಳು, ಅಮೆರಿಕದ ಯಾವುದೋ ಬ್ಯಾಂಕಿನ ಲೆಕ್ಕವನ್ನೋ ಜರ್ಮನಿಯ ಯಾವುದೋ ಕಾರ್ಖಾನೆಯ ಯಂತ್ರವನ್ನೋ ನಡೆಸತಕ್ಕ ಸಾಫ್ಟ್‌ವೇರನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕುಳಿತು ಬರೆಯತೊಡಗಿದರು.

ಅದುವರೆಗೆ ಹೊರಗುತ್ತಿಗೆಯ ಸೇವೆಗಳನ್ನು ನಡೆಸುವ ಕಂಪನಿಗಳು ನೌಕರರಿಂದ ಮನೆಯಲ್ಲಿಯೇ ಕೆಲಸ ಮಾಡಿಸಬೇಕಾದರೆ ಕೇಂದ್ರ ದೂರಸಂಪರ್ಕ ಇಲಾಖೆಯ ನಾನಾ ನಿರ್ಬಂಧಗಳಿಗೆ ಒಳಪಡಬೇಕಾಗಿತ್ತು. ಮಹಾಮಾರಿಯ ದೆಸೆಯಿಂದ ತಾತ್ಕಾಲಿಕವಾಗಿ ಸಡಿಲಗೊಂಡ ಆ ನಿರ್ಬಂಧಗಳು 2020ರ ನವೆಂಬರಿನಲ್ಲಿ ಬಹುಪಾಲು ತೊಡೆದುಹೋದವು. ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದೆಂಬ ವ್ಯವಸ್ಥೆಗೆ ಸರ್ಕಾರದ ಮುದ್ರೆಯೇ ಬಿದ್ದಂತಾಯಿತು. ರೋಗದ ಭಯವು ಕಳೆದ ಬಳಿಕ ಅನೇಕ ಕಂಪನಿಗಳು ತಮ್ಮವರನ್ನು ಮರಳಿ ಕರೆದವೆಂಬುದು ನಿಜ. ಆದರೂ ವಾರದಲ್ಲಿ ಎರಡೋ ಮೂರೋ ದಿನ ಬೆಂಗಳೂರಿಗೆ ಹೋಗಿ, ಮಿಕ್ಕ ದಿನ ಊರಿನಲ್ಲಿಯೇ ಇರುವ ಪದ್ಧತಿಯೊಂದು ನಿಂತಿದೆ. ಹೀಗೆ ಚದುರಿ ಕುಳಿತವರೆಲ್ಲ ಸೇರಿ ಒಂದೇ ಕೆಲಸವನ್ನು ಮಾಡುವುದು ಹೇಗೆ, ಅದರಲ್ಲಿರುವ ತೊಡಕೇನು, ಆ ತೊಡಕಿಗೆ ಪರಿಹಾರವುಂಟೆ ಎಂಬುದು ಈ ಲೇಖನದ ವಿಚಾರ.

ಒಂದೇ ಸೂರಿನ ಉಪಕಾರ

ಗುಬ್ಬಿಯ ಹೆಸರನ್ನು ನಾಡಿನ ಮೂಲೆಮೂಲೆಗೂ ಮುಟ್ಟಿಸಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದು, ಊರೂರು ತಿರುಗಿ ಆಟವಾಡಿದುದು ಎಲ್ಲರಿಗೂ ತಿಳಿದ ಸಂಗತಿ. ಆ ಕಂಪನಿಯು ಒಂದು ಊರಿನಿಂದ ಇನ್ನೊಂದೂರಿಗೆ ಹೊರಟಿತೆಂದರೆ ನಟರು, ಗಾಯಕರು, ಪರದೆ ಎಳೆಯುವವರು, ಅಡುಗೆಯವರು ಎಲ್ಲರೂ ಒಟ್ಟಿಗೆ ಹೊರಡುತ್ತಿದ್ದರು. ಒಂದೇ ಬಿಡಾರದಲ್ಲಿ ಉಂಡು, ಒಂದೇ ಅಂಗಳದಲ್ಲಿ ಅಭ್ಯಾಸ ಮಾಡಿ, ರಾತ್ರಿ ಒಂದೇ ರಂಗದ ಮೇಲೆ ನಿಲ್ಲುತ್ತಿದ್ದರು. ಮಾತು ಮರೆತವನಿಗೆ ಪಕ್ಕದ ಪರದೆಯ ಹಿಂದಿನಿಂದ ಸೂಚನೆ ಬರುತ್ತಿತ್ತು. ಹಾರ್ಮೋನಿಯಂ ನುಡಿಸುವವನಿಗೆ ನಟನ ಕಣ್ಸನ್ನೆಯೇ ಸಾಕಾಗುತ್ತಿತ್ತು. ಇಂದಿನ ಸಾಫ್ಟ್‌ವೇರ್ ಕಂಪನಿಯಾದರೋ ಜನರನ್ನು ಅವರವರ ಮನೆಯಲ್ಲಿಯೇ ಬಿಟ್ಟು ನಾಟಕವನ್ನು ಮಾತ್ರ ಒಂದೆಡೆ ಆಡಿಸಲು ಹೊರಟಿದೆ. ಕಣ್ಸನ್ನೆಯು ತಲುಪದ ಸ್ಥಳದಲ್ಲಿ ಅದರ ಕೆಲಸವನ್ನು ಮತ್ತೊಂದು ಸಾಧನವು ಮಾಡಲೇಬೇಕು. ಸಮನ್ವಯದ ಸಮಸ್ಯೆಯೆಂದರೆ ಇಷ್ಟೇ.

ಸಾಫ್ಟ್‌ವೇರೆಂಬುದು ಒಬ್ಬನ ಏಕಾಂತದ ಕೃತಿಯಾಗಿದ್ದ ಕಾಲ ಹಿಂದಾಯಿತು. ಬ್ಯಾಂಕಿನ ಒಂದು ಮೊಬೈಲ್ ಆ್ಯಪ್‌ ಎಂದರೂ ಅದರ ಹಿಂದೆ ಹತ್ತಾರು ಜನರಿರುತ್ತಾರೆ: ಗ್ರಾಹಕನಿಗೆ ಏನು ಬೇಕೆಂದು ಕೇಳಿ ತಿಳಿಯುವವರು, ಪರದೆಯ ವಿನ್ಯಾಸ ಮಾಡುವವರು, ಕೋಡ್ ಬರೆಯುವವರು, ಬರೆದುದನ್ನು ಟೆಸ್ಟ್ ಮಾಡಿ ಬಗ್ ಹುಡುಕುವವರು, ಕೊನೆಗೆ ಅದನ್ನು ಸರ್ವರಿನ ಮೇಲೆ ಏರಿಸಿ ಕಾಯುವವರು. ಇವರಲ್ಲಿ ಒಬ್ಬನು ಮಾಡಿದ ಬದಲಾವಣೆಯು ಇನ್ನೊಬ್ಬನ ಕೆಲಸವನ್ನು ತಟ್ಟದೆ ಬಿಡದು. ಐಬಿಎಂ ಕಂಪನಿಯಲ್ಲಿ ಓಎಸ್/360 ಎಂಬ ಬೃಹತ್ ಯೋಜನೆಯನ್ನು ನಡೆಸಿ, ಅದರ ಕಷ್ಟವನ್ನೆಲ್ಲ ಕಂಡುಂಡ ಫ್ರೆಡರಿಕ್ ಬ್ರೂಕ್ಸರು 1975ರಲ್ಲಿ ಪ್ರಕಟಿಸಿದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಗ್ರಂಥದಲ್ಲಿ ಈ ವಿಷಯದ ಸರಳ ಗಣಿತವೊಂದನ್ನು ಎತ್ತಿ ತೋರಿಸಿದರು. ಮೂವರು ಕೆಲಸ ಮಾಡುವಲ್ಲಿ ಪರಸ್ಪರ ಮಾತುಕತೆಯ ದಾರಿಗಳು 3; ಹತ್ತು ಜನರಾದರೆ 45; ಐವತ್ತು ಜನರಾದರೆ 1,225. ಜನರು ಐದು ಪಟ್ಟು ಹೆಚ್ಚಿದಲ್ಲಿ ದಾರಿಗಳು ಇಪ್ಪತ್ತೇಳು ಪಟ್ಟು ಹೆಚ್ಚುತ್ತವೆ. ತಡವಾಗಿರುವ ಯೋಜನೆಗೆ ಇನ್ನಷ್ಟು ಜನರನ್ನು ತುಂಬಿದರೆ ಅದು ಇನ್ನಷ್ಟು ತಡವಾಗುವುದೆಂಬ ಅವರ ಸೂತ್ರವು ಇಂದಿಗೂ ಪ್ರತಿಯೊಬ್ಬ ಮ್ಯಾನೇಜರನ ಬಾಯಲ್ಲಿದೆ, ಆಚರಣೆಯಲ್ಲಿ ಮಾತ್ರ ಅಪರೂಪವಾಗಿ ಕಾಣುತ್ತದೆ.

ಇದು ಒಂದೇ ಸೂರಿನ ಕೆಳಗಿನವರ ಲೆಕ್ಕ. ಸೂರು ಬೇರೆಯಾದರೆ ಏನಾಗುವುದೆಂಬುದನ್ನು ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಥಾಮಸ್ ಆ್ಯಲನ್ನರು 1970ರ ದಶಕದಲ್ಲಿ ಪರಿಶೀಲಿಸಿದರು. ಎಂಜಿನಿಯರುಗಳ ಮೇಜುಗಳ ನಡುವಣ ಅಂತರವು ಹೆಚ್ಚಿದಂತೆ ಅವರ ಸಂಭಾಷಣೆಯು ಥಟ್ಟನೆ ಕುಗ್ಗುತ್ತದೆಂದೂ, ಸುಮಾರು 50 ಮೀಟರುಗಳಾಚೆಗೆ ಅದು ತೀರ ವಿರಳವಾಗುತ್ತದೆಂದೂ ಅವರು ಕಂಡುಕೊಂಡರು. 50 ಮೀಟರಿಗೆ ಈ ಅವಸ್ಥೆಯಾದರೆ, ಬೆಂಗಳೂರಿಗೂ ಗುಬ್ಬಿಗೂ ನಡುವಣ ಸುಮಾರು 90 ಕಿಲೋಮೀಟರುಗಳ ಮಾತೇನು! ಈಗ ಫೋನಿದೆ, ವಿಡಿಯೋ ಇದೆ ಎಂದು ಯಾರಾದರೂ ಹೇಳಬಹುದು. ಇದೆ, ದಿಟ. ಆದರೆ ಫೋನು ಮಾಡಬೇಕಾದರೆ ಮಾಡಬೇಕೆಂಬ ಸಂಕಲ್ಪವು ಬೇಕು. ಕಾಫಿಯ ಲೋಟ ಹಿಡಿದು ಹಿಂದೆ ಹಾಯ್ದು ಹೋಗುವಾಗ ಸಹೋದ್ಯೋಗಿಯ ಪರದೆಯ ಮೇಲೆ ಕಣ್ಣು ಬಿದ್ದು, ‘ಅಯ್ಯೋ, ಡೇಟಾಬೇಸಿನ ಆ ಟೇಬಲನ್ನು ನಾನು ನಿನ್ನೆಯೇ ಬದಲಾಯಿಸಿದೆನಲ್ಲ’ ಎಂದು ಹೇಳುವುದಕ್ಕೆ ಯಾವ ಸಂಕಲ್ಪವೂ ಬೇಡ. ಒಂದೇ ಸೂರು ಮಾಡುತ್ತಿದ್ದ ಉಪಕಾರವು ಇಂಥದು. ಅದಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲವಾದ ಕಾರಣ, ಅದು ತಪ್ಪಿಹೋದಾಗ ಏನು ತಪ್ಪಿತೆಂಬುದು ಕೂಡಲೇ ಯಾರಿಗೂ ಹೊಳೆಯಲಿಲ್ಲ.

ಬೆಂಗಳೂರು ಬೆಳೆದ ಬಗೆ

ದೂರದಿಂದ ಕೆಲಸ ಮಾಡುವ ಈ ಪದ್ಧತಿಯು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮವು ನಿಂತಿರುವುದೇ ಅದರ ಮೇಲೆ. ಅಮೆರಿಕದ ಡಲ್ಲಾಸ್ ನಗರದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1985ರಲ್ಲಿ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ತನ್ನದೇ ಆದ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ಆ ಉಪಗ್ರಹ ಸಂಪರ್ಕದ ಸಲಕರಣೆಯನ್ನು ಎತ್ತಿನ ಗಾಡಿಯ ಮೇಲೆ ಹೇರಿ ಸಾಗಿಸಿದ ವೃತ್ತಾಂತವು ಆ ಉದ್ಯಮದವರು ಮತ್ತೆ ಮತ್ತೆ ಹೇಳಿಕೊಳ್ಳುವ ಕಥೆ. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸಂಸ್ಥೆಯು ಸ್ಥಾಪಿತವಾದ ಮೇಲೆ ಸಣ್ಣ ಕಂಪನಿಗಳಿಗೂ ಅಂತಹ ಸಂಪರ್ಕವು ಕೈಗೆಟುಕುವಂತಾಯಿತು. ಆಗ ಮುಂದಿಟ್ಟ ಆಶ್ವಾಸನೆಯು ಬಲು ಮೋಹಕವಾದುದು: ಅಮೆರಿಕದವರು ನಿದ್ರಿಸುವಾಗ ಭಾರತದವರು ದುಡಿಯುವರು, ಭಾರತದವರು ನಿದ್ರಿಸುವಾಗ ಅಮೆರಿಕದವರು ದುಡಿಯುವರು, ಸೂರ್ಯನ ಬೆನ್ನು ಹತ್ತಿದ ಕೆಲಸವು ಇಪ್ಪತ್ತನಾಲ್ಕು ತಾಸೂ ಸಾಗುತ್ತ ಅರ್ಧ ಕಾಲದಲ್ಲಿಯೇ ಮುಗಿಯುವುದು.

ವಾಸ್ತವವು ಈ ಲೆಕ್ಕಕ್ಕೆ ಒಗ್ಗಲಿಲ್ಲ. ಜೇಮ್ಸ್ ಹರ್ಬ್ಸ್‌ಲೆಬ್ ಮತ್ತು ಆಡ್ರಿಸ್ ಮೊಕಸ್ ಎಂಬ ಇಬ್ಬರು ಸಂಶೋಧಕರು ಲೂಸೆಂಟ್ ಕಂಪನಿಯ ಕೆಲಸಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಒಂದೇ ಸ್ಥಳದಲ್ಲಿ ನಡೆದ ಕೆಲಸಕ್ಕಿಂತ ಅದೇ ಬಗೆಯ, ಆದರೆ ಹಲವು ಸ್ಥಳಗಳಲ್ಲಿ ಹಂಚಿಹೋದ ಕೆಲಸವು ಸುಮಾರು ಎರಡೂವರೆ ಪಟ್ಟು ಹೆಚ್ಚು ಕಾಲವನ್ನು ತೆಗೆದುಕೊಂಡಿತ್ತು. ದೂರದಲ್ಲಿರುವವರು ಸೋಮಾರಿಗಳೆಂಬುದು ಇದರ ಅರ್ಥವಲ್ಲ. ಹಂಚಿಹೋದ ಕೆಲಸಕ್ಕೆ ಹೆಚ್ಚು ಜನರು ಬೇಕಾಗುತ್ತಿದ್ದರು. ಯಾರನ್ನು ಕೇಳಬೇಕೆಂಬುದೇ ತಿಳಿಯದೆ ದಿನಗಳು ಕಳೆಯುತ್ತಿದ್ದವು. ಕೇಳಿದ ಮೇಲೆ ಉತ್ತರವು ಬರುವಷ್ಟರಲ್ಲಿ ಮತ್ತಷ್ಟು ದಿನಗಳಾಗುತ್ತಿದ್ದವು.

ಒಂದು ರೂಪಾಯಿಯ ಕಥೆ

ಈ ವಿಳಂಬವು ಹೇಗೆ ಹುಟ್ಟುತ್ತದೆಂಬುದನ್ನು ನಿದರ್ಶನದಿಂದ ತಿಳಿಯುವುದು ಸುಲಭ. ಕುಣಿಗಲ್ಲಿನ ಮನೆಯೊಂದರಲ್ಲಿ ಕುಳಿತ ಎಂಜಿನಿಯರ್ ಒಬ್ಬಳು ಬಿಲ್ಲು ತಯಾರಿಸುವ ಪ್ರೋಗ್ರಾಮನ್ನು ಬರೆಯುತ್ತಿದ್ದಾಳೆಂದು ಭಾವಿಸೋಣ. ಗಿರಾಕಿಯು ಮೂರು ಸಾಮಾನು ಕೊಂಡಿದ್ದಾನೆ. ಒಂದೊಂದರ ಮೇಲೂ ತೆರಿಗೆ 10 ರೂಪಾಯಿ 40 ಪೈಸೆ. ಪೈಸೆಯನ್ನು ಬಿಟ್ಟು ರೂಪಾಯಿಗೆ ಸರಿಹೊಂದಿಸಬೇಕೆಂದು ಸೂಚನೆಯಿದೆ. ಒಂದೊಂದು ಸಾಮಾನಿಗೂ ಪ್ರತ್ಯೇಕವಾಗಿ ಸರಿಹೊಂದಿಸಿದರೆ ಹತ್ತು, ಹತ್ತು, ಹತ್ತು, ಒಟ್ಟು 30 ರೂಪಾಯಿ. ಮೊದಲು ಕೂಡಿ ಆಮೇಲೆ ಸರಿಹೊಂದಿಸಿದರೆ 31 ರೂಪಾಯಿ 20 ಪೈಸೆಯು 31 ರೂಪಾಯಿಯಾಗುತ್ತದೆ. ಯಾವುದು ಸರಿ? ಸೂಚನೆಯಲ್ಲಿ ಅದು ಬರೆದಿಲ್ಲ. ಬರೆದವರು ನ್ಯೂಯಾರ್ಕಿನಲ್ಲಿದ್ದಾರೆ.

ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಅವಳು ಪ್ರಶ್ನೆಯನ್ನು ಬರೆದು ಕಳುಹಿಸುತ್ತಾಳೆ. ಚಳಿಗಾಲವಾದ್ದರಿಂದ ನ್ಯೂಯಾರ್ಕಿನಲ್ಲಿ ಆಗ ರಾತ್ರಿ ಒಂದೂವರೆ ಗಂಟೆ. ಅಲ್ಲಿಯವರು ಬೆಳಗ್ಗೆ ಒಂಬತ್ತಕ್ಕೆ ಮೇಜಿನ ಮುಂದೆ ಕುಳಿತು ಅದನ್ನು ನೋಡುವಾಗ ಕುಣಿಗಲ್ಲಿನಲ್ಲಿ ಸಂಜೆ ಏಳೂವರೆ. ಅವರಿಗೂ ಪ್ರಶ್ನೆಯು ಸ್ಪಷ್ಟವಾಗಲಿಲ್ಲ. ‘ಯಾವ ಪರದೆಯ ವಿಷಯ ಕೇಳುತ್ತಿದ್ದೀರಿ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಅಷ್ಟರಲ್ಲಿ ಇವಳು ಲ್ಯಾಪ್‌ಟಾಪನ್ನು ಮುಚ್ಚಿ, ಮಗುವಿಗೆ ಊಟ ಮಾಡಿಸಲು ಎದ್ದಿದ್ದಾಳೆ. ಮಂಗಳವಾರ ಬೆಳಗ್ಗೆ ಅವಳು ವಿವರವನ್ನು ಬರೆದರೆ, ಅದನ್ನವರು ಓದುವುದು ಮಂಗಳವಾರ ಸಂಜೆ. ಅವರ ಉತ್ತರವು ಇವಳ ಕಣ್ಣಿಗೆ ಬೀಳುವುದು ಬುಧವಾರ ಬೆಳಗ್ಗೆ. ಪಕ್ಕದ ಮೇಜಿನವರನ್ನು ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ಒಂದು ರೂಪಾಯಿಯ ವ್ಯವಹಾರವು ಎರಡು ದಿನಗಳನ್ನು ನುಂಗಿತು. ಇನ್ನೊಂದು ಸಾಧ್ಯತೆಯು ಇದಕ್ಕಿಂತ ಕೆಟ್ಟದು: ಕಾಯಲಾರದೆ ಅವಳು ತನಗೆ ತೋಚಿದಂತೆ ಬರೆದುಬಿಡುತ್ತಾಳೆ, ತುಮಕೂರಿನಲ್ಲಿ ಕುಳಿತು ಟೆಸ್ಟಿಂಗ್ ಮಾಡುವವನು ತನಗೆ ತೋಚಿದಂತೆ ಪರೀಕ್ಷಿಸುತ್ತಾನೆ, ಇಬ್ಬರ ಊಹೆಯೂ ಒಂದೇ ಆಗಿದ್ದಲ್ಲಿ ತಪ್ಪು ಸೀದಾ ಗಿರಾಕಿಯ ಕೈ ಸೇರುತ್ತದೆ.

ಇದರ ಮೇಲೆ ಗಡಿಯಾರದ ಕಾಟವೊಂದಿದೆ. ನಮ್ಮ ದೇಶದಲ್ಲಿ ಗಡಿಯಾರದ ಮುಳ್ಳನ್ನು ಋತುವಿಗೆ ತಕ್ಕಂತೆ ತಿರುಗಿಸುವ ಪದ್ಧತಿಯಿಲ್ಲ. ಅಮೆರಿಕದಲ್ಲಿಯಾದರೆ ಮಾರ್ಚಿ ತಿಂಗಳ ಎರಡನೆಯ ಭಾನುವಾರ ಅದನ್ನು ಒಂದು ಗಂಟೆ ಮುಂದಕ್ಕೂ, ನವೆಂಬರಿನ ಮೊದಲನೆಯ ಭಾನುವಾರ ಒಂದು ಗಂಟೆ ಹಿಂದಕ್ಕೂ ಇಡುತ್ತಾರೆ. ಯೂರೋಪಿನವರು ಮಾರ್ಚಿಯ ಕೊನೆಯ ಭಾನುವಾರದವರೆಗೆ ಕಾಯುತ್ತಾರೆ. ನ್ಯೂಯಾರ್ಕಿನ ಬೆಳಗ್ಗೆ ಒಂಬತ್ತರ ಮೀಟಿಂಗು ಗುಬ್ಬಿಯವನಿಗೆ ಚಳಿಗಾಲದಲ್ಲಿ ಸಂಜೆ ಏಳೂವರೆಗೆ, ಬೇಸಗೆಯಲ್ಲಿ ಆರೂವರೆಗೆ. ಲಂಡನ್ನಿನವರೂ ಅದೇ ಟೀಮಿನಲ್ಲಿದ್ದರೆ ಮಾರ್ಚಿಯಲ್ಲಿ ಎರಡು ಮೂರು ವಾರ ಯಾರು ಯಾವಾಗ ಬರುವರೆಂಬುದೇ ಗೊಂದಲ. ಸ್ಯಾನ್‌ಫ್ರಾನ್ಸಿಸ್ಕೋದವರೂ ಸೇರಿದರೆ ಕಥೆ ಮುಗಿಯಿತು: ಅಲ್ಲಿ ಬೆಳಗಿನ ಎಂಟಾದಾಗ ಲಂಡನ್ನಿನಲ್ಲಿ ಸಂಜೆ ನಾಲ್ಕು, ಗುಬ್ಬಿಯಲ್ಲಿ ಚಳಿಗಾಲದ ರಾತ್ರಿ ಒಂಬತ್ತೂವರೆ. ಮೂರೂ ಕಡೆಯವರಿಗೆ ಅನುಕೂಲವಾದ ಹೊತ್ತೆಂಬುದೇ ದಿನದಲ್ಲಿ ಇಲ್ಲ. ಯಾರಾದರೊಬ್ಬರು ಊಟವನ್ನೋ ನಿದ್ರೆಯನ್ನೋ ಬಿಡಬೇಕು. ಸಾಮಾನ್ಯವಾಗಿ ಬಿಡುವವರು ಯಾರೆಂಬುದು ನಮಗೆಲ್ಲ ಗೊತ್ತಿದೆ.

ಎಪ್ಪತ್ತು ಕಿಲೋಮೀಟರುಗಳ ದೂರ

ತುಮಕೂರಿಗೂ ಬೆಂಗಳೂರಿಗೂ ನಡುವೆ ಕಾಲದ ಅಂತರವು ಒಂದು ನಿಮಿಷವೂ ಇಲ್ಲ. ಭಾಷೆಯೂ ಸಂಬಳದ ದಿನವೂ ಹಬ್ಬದ ರಜೆಯೂ ಒಂದೇ. ಆದರೂ ಇಲ್ಲಿಯ ದೂರಕ್ಕೆ ಅದರದೇ ಆದ ಸ್ವಭಾವವಿದೆ. ಒಂದು ಟೀಮಿನ ಆರು ಮಂದಿಯಲ್ಲಿ ಐವರು ಬೆಂಗಳೂರಿನ ಒಂದೇ ಕೋಣೆಯಲ್ಲಿ ಕುಳಿತು, ಆರನೆಯವನು ಗುಬ್ಬಿಯಿಂದ ಪರದೆಯ ಮೇಲೆ ಕಾಣಿಸಿಕೊಂಡನೆನ್ನೋಣ. ಮೀಟಿಂಗು ಮುಗಿದು ಪರದೆಯು ಆರಿದ ಮೇಲೆ ಐವರೂ ಚಹಾಕ್ಕೆ ಹೋಗುತ್ತಾರೆ. ಅಲ್ಲಿ ಯಾರೋ ಒಬ್ಬರು, ‘ಅದನ್ನು ಹಾಗೆ ಮಾಡುವುದಕ್ಕಿಂತ ಹೀಗೆ ಮಾಡಿದರಾಗದೆ?’ ಎನ್ನುತ್ತಾರೆ, ಎಲ್ಲರೂ ಒಪ್ಪುತ್ತಾರೆ. ನಿಶ್ಚಯವು ಆಗಿಹೋಯಿತು. ಗುಬ್ಬಿಯವನು ಮಾತ್ರ ಹಳೆಯ ನಿಶ್ಚಯದ ಪ್ರಕಾರ ಮೂರು ದಿನ ದುಡಿದು, ನಾಲ್ಕನೆಯ ದಿನ ತನ್ನ ಕೆಲಸವು ಬೇಡವಾಯಿತೆಂಬುದನ್ನು ತಿಳಿಯುತ್ತಾನೆ. ಇದರಲ್ಲಿ ದುರುದ್ದೇಶವು ಯಾರದೂ ಅಲ್ಲ; ಎಲ್ಲರಿಗೂ ತಿಳಿದಿದೆಯೆಂದು ಎಲ್ಲರೂ ಭಾವಿಸಿದ್ದೇ ದೋಷ. ಆರು ಮಂದಿಯೂ ಆರು ಊರಿನಲ್ಲಿರುವುದು ಇದಕ್ಕಿಂತ ಮೇಲು. ಆಗ ಮಾತೆಲ್ಲವೂ ಬರಹಕ್ಕೆ ಬಂದೇ ತೀರುತ್ತದೆ. ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂಬ ಸ್ಥಿತಿಯೇ ಎಲ್ಲಕ್ಕಿಂತ ಕಠಿನವಾದುದು.

ಸಣ್ಣ ಊರಿನ ಮನೆಯೂ ಕಛೇರಿಯಾಗಲು ಸುಲಭವಾಗಿ ಒಪ್ಪುವುದಿಲ್ಲ. ಮುಂಗಾರಿನ ಗಾಳಿಗೆ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ. ಯುಪಿಎಸ್ ಇದ್ದವನಿಗೆ ಕಂಪ್ಯೂಟರು ಉಳಿಯುತ್ತದೆ, ಆದರೆ ಬೀದಿಯ ಕೊನೆಯ ಕೇಬಲ್ಲಿನವನ ಪೆಟ್ಟಿಗೆಯು ಆರಿ ನೆಟ್ಟು ಹೋಗುತ್ತದೆ. ಮೊಬೈಲಿನ ಹಾಟ್‌ಸ್ಪಾಟನ್ನು ಹಿಡಿದು ಮಹಡಿಯ ಮೇಲೆ ಸಿಗ್ನಲ್ಲು ಹುಡುಕುವ ಎಂಜಿನಿಯರನನ್ನು ನೆರೆಯವರು ಕನಿಕರದಿಂದ ನೋಡುತ್ತಾರೆ. ಮನೆಯವರ ದೃಷ್ಟಿಯಲ್ಲಿ, ಮನೆಯಲ್ಲಿರುವ ಮಗನು ಬಿಡುವಾಗಿರುವ ಮಗನು. ‘ಹೇಗೂ ಮನೇಲೇ ಇದ್ದೀಯಲ್ಲ, ಗ್ಯಾಸಿನವನು ಬರ್ತಾನೆ, ನೋಡ್ಕೋ’ ಎಂಬ ಮಾತನ್ನು ಕೇಳದವನಾರು? ಮದುವೆಯಾಗಿ ಮಕ್ಕಳಾದ ಮೇಲೆ ಬೆಂಗಳೂರಿನ ಓಡಾಟವು ಆಗದೆ ಕೆಲಸವನ್ನೇ ಬಿಡಬೇಕಾಗಿದ್ದ ಹೆಣ್ಣುಮಕ್ಕಳಿಗೆ ಈ ಪದ್ಧತಿಯು ವರವಾಗಿ ಬಂದುದೂ ನಿಜ. ಅದೇ ಹೆಣ್ಣುಮಕ್ಕಳು ಹಗಲೆಲ್ಲ ಮನೆಗೆಲಸವನ್ನೂ ಕಂಪನಿಯ ಕೆಲಸವನ್ನೂ ತೂಗಿಸಿ, ಏಳೂವರೆಯ ಮೀಟಿಂಗಿಗೂ ಹಾಜರಾಗಬೇಕಾದುದೂ ಅಷ್ಟೇ ನಿಜ.

ಇನ್ನೊಂದು ತೊಡಕು ನಮ್ಮ ಸಂಸ್ಕಾರದಲ್ಲಿಯೇ ಇದೆ. ಹಿರಿಯರಿಗೆ ಎದುರಾಡಬಾರದೆಂದು ಕಲಿತು ಬಂದ ತರುಣನು, ಪರದೆಯ ಮೇಲೆ ಮ್ಯಾನೇಜರು ‘ಶುಕ್ರವಾರದೊಳಗೆ ಆಗುತ್ತದೆಯೆ?’ ಎಂದು ಕೇಳಿದಾಗ, ಆಗದೆಂಬುದು ತಿಳಿದಿದ್ದರೂ ತಲೆಯಾಡಿಸುತ್ತಾನೆ. ಎದುರಿಗೆ ಕುಳಿತಿದ್ದರೆ ಅವನ ಮುಖದ ಅನುಮಾನವು ಮ್ಯಾನೇಜರನಿಗೆ ಕಾಣುತ್ತಿತ್ತು. ಅಂಗೈಯಗಲದ ಚೌಕದಲ್ಲಿ, ಅದೂ ಕ್ಯಾಮರಾವನ್ನು ಆರಿಸಿ ಕುಳಿತವನಲ್ಲಿ, ಕಾಣುವುದೇನು? ಶುಕ್ರವಾರದ ದಿನ ಸತ್ಯವು ಹೊರಬೀಳುತ್ತದೆ.

ಕೂಡುವೆಡೆಯಲ್ಲಿ ಬಿರುಕು

ಚದುರಿದ ಕೆಲಸದಲ್ಲಿ ಪ್ರತಿಯೊಂದು ಭಾಗವೂ ತನ್ನಷ್ಟಕ್ಕೆ ಸರಿಯಾಗಿದ್ದು, ಭಾಗಗಳು ಕೂಡುವ ಸ್ಥಳದಲ್ಲಿ ಮಾತ್ರ ಬಿರುಕು ಬಿಡುವುದು ಸಾಮಾನ್ಯ. ಇದಕ್ಕೆ ಜಗತ್ತಿನ ಇತಿಹಾಸದಲ್ಲಿ ದುಬಾರಿಯಾದ ನಿದರ್ಶನಗಳಿವೆ. ಅಮೆರಿಕದ ನಾಸಾ ಸಂಸ್ಥೆಯು 1998ರ ಡಿಸೆಂಬರಿನಲ್ಲಿ ಮಂಗಳಗ್ರಹಕ್ಕೆ ಕಳುಹಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯು 1999ರ ಸೆಪ್ಟೆಂಬರ್ 23ರಂದು ನಾಶವಾಯಿತು. ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಸಾಫ್ಟ್‌ವೇರು ನೌಕೆಯ ತಳ್ಳುಬಲದ ಲೆಕ್ಕವನ್ನು ಪೌಂಡುಗಳಲ್ಲಿ ಕೊಡುತ್ತಿತ್ತು; ಪಾಸಡೀನಾದಲ್ಲಿ ನೌಕೆಯ ದಾರಿಯನ್ನು ಗುಣಿಸುತ್ತಿದ್ದವರು ಅದನ್ನು ಮೆಟ್ರಿಕ್ ಮಾನದ ನ್ಯೂಟನ್ನುಗಳೆಂದು ತಿಳಿದಿದ್ದರು. ಎರಡು ಕಡೆಯ ಗಣಿತವೂ ಅವರವರ ಮಟ್ಟಿಗೆ ಶುದ್ಧವಾಗಿಯೇ ಇತ್ತು. ಏರ್‌ಬಸ್ ಕಂಪನಿಯ ಎ380 ವಿಮಾನದ ಕಥೆಯೂ ಇಂಥದೇ: ಜರ್ಮನಿಯ ಹ್ಯಾಂಬರ್ಗಿನವರು ವಿನ್ಯಾಸದ ಸಾಫ್ಟ್‌ವೇರಿನ ಒಂದು ಆವೃತ್ತಿಯನ್ನೂ ಫ್ರಾನ್ಸಿನ ಟುಲೂಸಿನವರು ಅದರ ಮುಂದಿನ ಆವೃತ್ತಿಯನ್ನೂ ಬಳಸುತ್ತಿದ್ದುದರಿಂದ, ಹ್ಯಾಂಬರ್ಗಿನಲ್ಲಿ ಸಿದ್ಧವಾಗಿ ಬಂದ ವಿದ್ಯುತ್ ತಂತಿಗಳು ಟುಲೂಸಿನಲ್ಲಿ ಜೋಡಿಸುವಾಗ ಗಿಡ್ಡವಾದವು, 2006ರಲ್ಲಿ ಬಯಲಾದ ಈ ಅಚಾತುರ್ಯದಿಂದ ವಿಮಾನವು ಸುಮಾರು ಎರಡು ವರ್ಷ ತಡವಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಗಳಲ್ಲಿ ಹರಡಿ, 2023ರ ಫೆಬ್ರವರಿ 6ರಂದು ಲೋಕಾರ್ಪಣೆಗೊಂಡ ಹೆಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯನ್ನು ರಸ್ತೆಯಿಂದ ನೋಡುವವರು ಈ ಕಥೆಯನ್ನು ನೆನೆಯಬಹುದು. ಅಲ್ಲಿ ತಯಾರಾಗತಕ್ಕ ಲಘು ಹೆಲಿಕಾಪ್ಟರಿನ ವಿನ್ಯಾಸವು ನಡೆದುದು ಬೆಂಗಳೂರಿನಲ್ಲಿ. ನಕ್ಷೆ ಒಂದೂರಿನಲ್ಲಿ, ಜೋಡಣೆ ಇನ್ನೊಂದೂರಿನಲ್ಲಿ ಎಂಬ ವ್ಯವಸ್ಥೆಯಲ್ಲಿ ಎರಡೂ ಕಡೆಯವರು ಒಂದೇ ನಕ್ಷೆಯ ಒಂದೇ ಆವೃತ್ತಿಯನ್ನು ನೋಡುತ್ತಿರುವುದು ಎಷ್ಟು ಆವಶ್ಯಕವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಫ್ಟ್‌ವೇರಿನವರಿಗೆ ಈ ಆವೃತ್ತಿಯ ತೊಂದರೆಯನ್ನು ಬಹುಮಟ್ಟಿಗೆ ನೀಗಿಸುವ ಸಾಧನವೊಂದು ದೊರೆತಿದೆ. ಲಿನಕ್ಸ್‌ನ ಕರ್ತೃವಾದ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ‘ಗಿಟ್’ ಎಂಬುದೇ ಅದು. ಯಾರು, ಯಾವಾಗ, ಯಾವ ಸಾಲನ್ನು ಬದಲಾಯಿಸಿದರೆಂಬ ಸಮಗ್ರ ಚರಿತ್ರೆಯು ಅದರಲ್ಲಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿಯೂ ಇರುತ್ತದೆ. ತುಮಕೂರಿನವನೂ ಕುಣಿಗಲ್ಲಿನವಳೂ ಒಂದೇ ಸಾಲನ್ನು ಎರಡು ರೀತಿಯಲ್ಲಿ ತಿದ್ದಿದರೆ, ಅವೆರಡನ್ನು ಕೂಡಿಸುವಾಗ ಯಂತ್ರವೇ ತಡೆದು ಎಚ್ಚರಿಸುತ್ತದೆ. ಆದರೆ ಯಂತ್ರವು ಬಲ್ಲದ್ದು ಸಾಲುಗಳ ಘರ್ಷಣೆಯನ್ನು, ಅಭಿಪ್ರಾಯಗಳ ಘರ್ಷಣೆಯನ್ನಲ್ಲ. ಒಬ್ಬಳು ತೆರಿಗೆಯನ್ನು ಸಾಮಾನಿಗೊಂದರಂತೆ ಸರಿಹೊಂದಿಸಿ, ಇನ್ನೊಬ್ಬನು ಬೇರೊಂದು ಕಡತದಲ್ಲಿ ಒಟ್ಟಿಗೆ ಸರಿಹೊಂದಿಸಿದರೆ, ಗಿಟ್ ಎರಡನ್ನೂ ಸಮಾಧಾನದಿಂದ ಸ್ವೀಕರಿಸುತ್ತದೆ. ಯಂತ್ರವು ನಿಂತ ಸ್ಥಳದಿಂದ ಮನುಷ್ಯರ ಸಮನ್ವಯವು ಮೊದಲಾಗಬೇಕು.

ಮಾಡತಕ್ಕದ್ದೇನು?

ಪರಿಹಾರಗಳಲ್ಲಿ ಮೊದಲನೆಯದು ಕೆಲಸವನ್ನು ಕತ್ತರಿಸುವ ಜಾಣ್ಮೆ. ಒಂದು ಸಂಸ್ಥೆಯಲ್ಲಿ ಮಾತುಕತೆಯು ಹರಿಯುವ ರೀತಿಯೇ ಅದು ಕಟ್ಟುವ ಸಾಫ್ಟ್‌ವೇರಿನ ಆಕಾರವಾಗುತ್ತದೆಂದು ಮೆಲ್ವಿನ್ ಕಾನ್ವೇ 1968ರಲ್ಲಿಯೇ ಹೇಳಿದ್ದರು. ಆದಕಾರಣ, ಹಗಲಿರುಳೂ ಪರಸ್ಪರ ಕೇಳಿಕೊಳ್ಳಬೇಕಾದ ಎರಡು ಭಾಗಗಳನ್ನು ಎರಡು ಊರಿಗೆ ಹಂಚಬಾರದು. ಬಿಲ್ಲಿನ ಭಾಗವು ಸಮಗ್ರವಾಗಿ ಒಂದು ಊರಿನವರ ಜವಾಬ್ದಾರಿಯಾಗಿ, ಉಗ್ರಾಣದ ಭಾಗವು ಸಮಗ್ರವಾಗಿ ಇನ್ನೊಂದೂರಿನವರ ಜವಾಬ್ದಾರಿಯಾಗಿ, ಅವೆರಡೂ ಕೂಡುವ ಸ್ಥಳದಲ್ಲಿ ಏನನ್ನು ಕೊಡಬೇಕು, ಏನನ್ನು ಪಡೆಯಬೇಕು ಎಂಬುದು ಮುಂಚೆಯೇ ಬರಹದಲ್ಲಿರಬೇಕು. ಎರಡನೆಯದು, ಕಾಲದ ಹಂಚಿಕೆ: ಎಲ್ಲರೂ ಒಟ್ಟಿಗೆ ಸಿಗುವ ಒಂದೆರಡು ಗಂಟೆಗಳನ್ನು ಗೊತ್ತುಮಾಡಿ, ಆ ಹೊತ್ತನ್ನು ವರದಿ ಒಪ್ಪಿಸುವುದರಲ್ಲಿ ಕಳೆಯದೆ ಬರಹದಿಂದ ಬಗೆಹರಿಯದ ಪ್ರಶ್ನೆಗಳಿಗೆ ಮೀಸಲಿಡಬೇಕು, ಅನನುಕೂಲದ ಹೊತ್ತು ಒಂದು ತಿಂಗಳು ನಮಗಾದರೆ ಮರುತಿಂಗಳು ಅವರಿಗಾಗಬೇಕು. ಮೂರನೆಯದು, ಮುಖಪರಿಚಯ: ಯೋಜನೆಯು ಮೊದಲಾಗುವಾಗಲಾದರೂ ಎಲ್ಲರೂ ಒಂದೆಡೆ ಸೇರಿ, ಕೂಡಿ ಉಂಡು, ಕೂಡಿ ಕೆಲಸ ಮಾಡಿದರೆ, ಮುಂದೆ ಬರುವ ಒರಟು ಸಂದೇಶವನ್ನು ಒರಟುತನವೆಂದು ತಿಳಿಯದೆ ಅವಸರವೆಂದು ತಿಳಿಯುವ ಸೌಜನ್ಯವು ತಾನಾಗಿ ಮೂಡುತ್ತದೆ.

ಇವೆಲ್ಲಕ್ಕೂ ಆಧಾರವಾದುದು ನಾಲ್ಕನೆಯದು, ಬರಹ. ದಿನದ ಕೊನೆಯಲ್ಲಿ ಕೆಲಸವನ್ನು ಮುಂದಿನವರಿಗೆ ಒಪ್ಪಿಸುವ ಟಿಪ್ಪಣಿಯನ್ನೇ ನೋಡಿ. ‘ಬಿಲ್ಲಿನ ಕೆಲಸ ಬಹುತೇಕ ಮುಗಿದಿದೆ, ಒಂದೆರಡು ತೊಂದರೆ ಇವೆ, ನೋಡಿ’ ಎಂದು ಬರೆದವನು ಏನನ್ನೂ ಒಪ್ಪಿಸಿದಂತಾಗಲಿಲ್ಲ. ‘ಮೂರು ಸಾಮಾನಿನ ಬಿಲ್ಲಿನಲ್ಲಿ ತೆರಿಗೆ 30 ಬರುತ್ತಿದೆ, 31 ಬರಬೇಕೆಂದು ನನ್ನ ಊಹೆ, ಸೂಚನೆಯ ನಾಲ್ಕನೆಯ ಪುಟದಲ್ಲಿ ಇದು ಸ್ಪಷ್ಟವಿಲ್ಲ, ಒಟ್ಟಿಗೆ ಸರಿಹೊಂದಿಸುವುದೆಂದು ಹಿಡಿದು ಮುಂದುವರಿದಿದ್ದೇನೆ, ತಪ್ಪಾದರೆ ಬದಲಾಯಿಸಬೇಕಾದುದು ಒಂದೇ ಕಡತ, ಬುಧವಾರ ಬೆಳಗ್ಗೆಯೊಳಗೆ ತಿಳಿಸಿ’ ಎಂದು ಬರೆದವನು, ಕಾಯುವ ಎರಡು ದಿನಗಳನ್ನು ಗೆದ್ದನು, ತನ್ನ ಊಹೆಯನ್ನು ಊಹೆಯೆಂದು ಹೇಳಿಕೊಂಡುದರಿಂದ ಇತರರನ್ನೂ ಎಚ್ಚರಿಸಿದನು. ಯಾರು, ಯಾವ ಕಾರಣದಿಂದ, ಏನನ್ನು ನಿಶ್ಚಯಿಸಿದರೆಂಬುದನ್ನು, ಅದು ಚಹಾದ ಅಂಗಡಿಯ ಮುಂದೆ ನಿಶ್ಚಯವಾಗಿದ್ದರೂ, ಎಲ್ಲರೂ ನೋಡಬಹುದಾದ ಒಂದೆಡೆ ನಾಲ್ಕು ಸಾಲಿನಲ್ಲಿ ಬರೆದಿಡುವ ಟೀಮಿಗೆ ಗುಬ್ಬಿಯೂ ಒಂದೇ, ನ್ಯೂಯಾರ್ಕೂ ಒಂದೇ.

1963ರಲ್ಲಿ ಸ್ಥಾಪಿತವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವನ್ನು ಮೊದಲು ಮಾಡಿಕೊಂಡು ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಮಹಾವಿದ್ಯಾಲಯದವರೆಗೆ ಈ ಜಿಲ್ಲೆಯಲ್ಲಿ ಎಂಜಿನಿಯರುಗಳನ್ನು ತಯಾರುಮಾಡುವ ಸಂಸ್ಥೆಗಳಿವೆ. ಅಲ್ಲಿಯ ವಿದ್ಯಾರ್ಥಿಗಳು ಕೋಡ್ ಬರೆಯಲು ಕಲಿಯುತ್ತಾರೆ. ಮಾಡಿದ ಕೆಲಸವನ್ನು ಕಾಣದವನಿಗೆ ಅರ್ಥವಾಗುವಂತೆ ಬರೆಯುವುದನ್ನೂ, ತಿಳಿಯದುದನ್ನು ತಿಳಿಯದೆಂದು ಹಿರಿಯರ ಮುಂದೆ ವಿನಯದಿಂದ ಹೇಳುವುದನ್ನೂ, ಆಗದ ದಿನಾಂಕವನ್ನು ಆಗದೆನ್ನುವುದನ್ನೂ ಅಷ್ಟೇ ಶ್ರದ್ಧೆಯಿಂದ ಅವರಿಗೆ ಕಲಿಸಬೇಕು. ಕೊನೆಯ ವರ್ಷದ ಪ್ರಾಜೆಕ್ಟನ್ನು ಒಂದೇ ಹಾಸ್ಟೆಲಿನ ನಾಲ್ವರು ಗೆಳೆಯರಿಗೆ ಕೊಡುವುದಕ್ಕೆ ಬದಲಾಗಿ ತುಮಕೂರಿನ ಇಬ್ಬರಿಗೂ ಗುಬ್ಬಿಯ ಇಬ್ಬರಿಗೂ ಕೂಡಿಸಿ ಕೊಟ್ಟರೆ, ಈ ವಿದ್ಯೆಯ ಮೊದಲ ಪಾಠವು ಅಲ್ಲಿಯೇ ಆಗುತ್ತದೆ. ಕಂಪನಿಗಳು ತಮ್ಮ ಪಾಲಿಗೆ, ಟಿಪ್ಪಣಿ ಬರೆಯುವುದಕ್ಕೂ ಪ್ರಶ್ನೆಗೆ ಉತ್ತರ ಕೊಡುವುದಕ್ಕೂ ಹಿಡಿಯುವ ಹೊತ್ತನ್ನು ಕೆಲಸವೆಂದೇ ಎಣಿಸಿ, ಯೋಜನೆಯ ಲೆಕ್ಕದಲ್ಲಿ ಮೊದಲೇ ಸೇರಿಸಬೇಕು; ಸಮನ್ವಯವು ಪುಕ್ಕಟೆಯಾಗಿ ಒದಗುವುದೆಂಬ ಭ್ರಮೆಯಿಂದಲೇ ಎರಡೂವರೆ ಪಟ್ಟಿನ ವಿಳಂಬವು ಹುಟ್ಟುವುದು. ಮನೆಯವರು ತಮ್ಮ ಪಾಲಿಗೆ, ಮುಚ್ಚಿದ ಬಾಗಿಲಿನ ಹಿಂದೆ ಕುಳಿತ ಮಗನೋ ಸೊಸೆಯೋ ಕಛೇರಿಯಲ್ಲಿದ್ದಾರೆಂದೇ ತಿಳಿಯಬೇಕು. ಇಷ್ಟಾದಲ್ಲಿ ಊರಿನ ಮಕ್ಕಳು ಊರಿನಲ್ಲಿಯೇ ಇದ್ದು ದುಡಿಯುವುದು ಮಹಾಮಾರಿಯ ಕಾಲದ ಆಪದ್ಧರ್ಮವಾಗಿ ಮುಗಿದುಹೋಗದೆ, ಈ ಮೂರು ಊರುಗಳ ನಿತ್ಯದ ಬಾಳ್ವೆಯಾಗಬಲ್ಲದು. ಆಗದಿದ್ದಲ್ಲಿ ಮುಂಜಾನೆಯ ರೈಲು ಎಂದಿನಂತೆ ಕಿಕ್ಕಿರಿದು ಬೆಂಗಳೂರಿಗೆ ಹೋಗುತ್ತಲೇ ಇರುತ್ತದೆ, ಅದಕ್ಕಾಗಿ ದೂರವನ್ನು ದೂರುವ ಹಕ್ಕು ನಮಗಿರುವುದಿಲ್ಲ.